ಪಾಲಿನ ಜೊತೆ ಬರುವ ಸಾಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್, ನಮ್ಮ ಶಾಲೆಯ 2004ರ ಎಸ್.ಎಸ್.ಎಲ್.ಸಿ. ತಂಡದವರು.)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ಹೊರದೇಶದಲ್ಲಿ ದೇಶಾಭಿಮಾನ’. ಕೆನಡಾದಲ್ಲಿ ಕನ್ನಡ ರಾಜ್ಯೋತ್ಸವ ಮಾಡುತ್ತೇವೆ, ಆಗಸ್ಟ್ 15ಕ್ಕೆ ಧ್ವಜ ಹಾರಿಸುತ್ತೇವೆ, ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತೇವೆ ಅಂತ ಹೇಳಿ ಕೂತರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅದೆಲ್ಲ ನಿಜವೇ. ಆದರೆ ಈ ವರ್ಷ ದೇಶಾಭಿಮಾನ ಅನ್ನುವ ಮಾತು ನನ್ನ ಮುಂದೆ ಬೇರೆ ರೂಪದಲ್ಲಿ ಬಂದು ನಿಂತಿದೆ, ಒಂದು ಅರ್ಜಿ ನಮೂನೆಯ ರೂಪದಲ್ಲಿ. ಕೆನಡಾದಲ್ಲಿ ಕಾಯಂ ನಿವಾಸಿಯಾದವನು ಐದು ವರ್ಷದೊಳಗೆ 1,095 ದಿನ ಅಲ್ಲಿ ಇದ್ದಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ನನ್ನ ದಿನಗಳು ತುಂಬಿವೆ. ಆ ಪೌರತ್ವ ತಗೊಂಡರೆ ನಮ್ಮ ದೇಶದ ಪಾಸ್‌ಪೋರ್ಟ್ ಒಪ್ಪಿಸಬೇಕು, ಯಾಕೆಂದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅವ್ವನಿಗೆ ಹೇಳಿದಾಗ “ಹಾಗಾದರೆ ನೀನು ಇನ್ನು ಯಾವ ದೇಶದವನೋ?” ಅಂದಳು. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಆ ದೇಶದ ಇತಿಹಾಸ ಓದತೊಡಗಿದೆ. ಸೊಸೈಟಿಯಲ್ಲಿ ಷೇರು ತಗೊಳ್ಳುವ ಮುಂಚೆ ಸೊಸೈಟಿಯ ಲೆಕ್ಕಪತ್ರ ನೋಡುವುದಿಲ್ಲವೇ, ಹಾಗೆ. ಇವತ್ತು ಆ ಲೆಕ್ಕಪತ್ರದ ಮಾತನ್ನೇ ಆಡುತ್ತೇನೆ.

ನಾನು ಮನೆ ಮಾಡಿರುವ ಊರು ಮಿಸಿಸಾಗ. ಕೆಲಸ ಪಕ್ಕದ ಟೊರಾಂಟೊದಲ್ಲಿ. ನಮ್ಮ ಕಡೆಯವರು ಅಲ್ಲಿ ಬೇಕಾದಷ್ಟಿದ್ದಾರೆ, ಕೊತ್ತಂಬರಿ ಸೊಪ್ಪಿಂದ ಹಿಡಿದು ಅವರೆಕಾಳಿನವರೆಗೆ ಎಲ್ಲ ಸಿಗುತ್ತದೆ. ಮಿಸಿಸಾಗ ಅನ್ನುವುದು ಅಲ್ಲಿ ಮೊದಲಿಂದ ಇದ್ದ ಜನಾಂಗದ ಹೆಸರು. ಹೆಸರು ಊರಿನಲ್ಲಿ ಉಳಿದಿದೆ, ಜನ ಆ ಊರಲ್ಲಿಲ್ಲ. 1847ರಲ್ಲಿ ಅವರು ಕ್ರೆಡಿಟ್ ನದಿಯ ದಂಡೆ ಬಿಟ್ಟು ದೂರ ಹೋದರು, ಇನ್ನೊಂದು ಮೂಲನಿವಾಸಿ ಸಮುದಾಯ ಬಿಟ್ಟುಕೊಟ್ಟ ಜಾಗದಲ್ಲಿ ನೆಲೆ ನಿಂತರು.

ಟೊರಾಂಟೊ ನಗರ ನಿಂತಿರುವ ನೆಲದ ಕ್ರಯಪತ್ರದ ಕಥೆ ಕೇಳಿ. ಇಲ್ಲಿ ಕೂತಿರುವ ಹಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. 1787ರಲ್ಲಿ ಬ್ರಿಟಿಷ್ ಅಧಿಕಾರಿಗಳು ಮಿಸಿಸಾಗ ಮುಖಂಡರನ್ನು ಕರೆಸಿ ಒಂದಷ್ಟು ಸಾಮಾನು ಹಂಚಿ, ನೆಲ ಕೊಂಡೆವು ಅಂದರು. ಕೆಲವು ವರ್ಷ ಆದ ಮೇಲೆ ಪತ್ರ ತೆಗೆದು ನೋಡಿದರೆ ಅದು ಖಾಲಿ! ಎಷ್ಟು ನೆಲ, ಎಲ್ಲಿಂದ ಎಲ್ಲಿಗೆ, ಚಕ್ಕುಬಂದಿ ಏನು, ಯಾವುದೂ ಬರೆದಿಲ್ಲ. ಮೂವರು ಮುಖಂಡರ ಗುರುತುಗಳು ಬೇರೆ ಚೀಟಿಗಳಲ್ಲಿದ್ದವು, ಆ ಚೀಟಿಗಳನ್ನು ಖಾಲಿ ಪತ್ರಕ್ಕೆ ಲಗತ್ತಿಸಿದ್ದರು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ವಿದ್ಯೆ ನಮ್ಮ ಕಡೆ ಸಾಹುಕಾರರದು ಮಾತ್ರ ಅಂತ ನಾನು ತಿಳಿದಿದ್ದೆ. ಆಮೇಲೆ 1805ರಲ್ಲಿ ಇನ್ನೊಂದು ಪತ್ರ ಮಾಡಿದರು. 2,50,830 ಎಕರೆ. ಪತ್ರದಲ್ಲಿ ಕಾಣಿಸಿದ ಬೆಲೆ ಹತ್ತು ಷಿಲ್ಲಿಂಗ್, ಅಂದರೆ ಅರ್ಧ ಪೌಂಡ್. ಕೊನೆಗೆ 2010ರಲ್ಲಿ ಕೆನಡಾ ಸರ್ಕಾರ ಆ ವ್ಯವಹಾರದ ಬಾಬ್ತು ಮಿಸಿಸಾಗ ಜನರಿಗೆ 14.5 ಕೋಟಿ ಡಾಲರ್ ಕೊಟ್ಟು ತಕರಾರು ತೀರಿಸಿಕೊಂಡಿತು. ಇನ್ನೂರು ವರ್ಷದ ಹಿಂದಿನ ಕ್ರಯಪತ್ರದ ಕೇಸು. ನಮ್ಮ ಸಿವಿಲ್ ಕೋರ್ಟುಗಳನ್ನು ನಿಧಾನ ಅಂತ ಬೈಯುವ ಮುಂಚೆ ಇದು ನೆನಪಿರಲಿ.

ಮೊದಮೊದಲು ನನಗೆ ನಗು ಬಂದದ್ದು ಒಂದು ಕಾಯ್ದೆಯ ಹೆಸರು ಕೇಳಿ: ‘ಇಂಡಿಯನ್ ಆ್ಯಕ್ಟ್’, 1876. ನಮ್ಮ ಬಗ್ಗೆ ಅಲ್ಲ. ಕೊಲಂಬಸ್ ದಾರಿ ತಪ್ಪಿ ಹೋಗಿ ಅಲ್ಲಿದ್ದವರನ್ನು ಇಂಡಿಯನ್ನರು ಅಂದ, ಆ ತಪ್ಪು ಕಾಯ್ದೆಯ ಹೆಸರಿನಲ್ಲಿ ಇವತ್ತಿಗೂ ಕೂತಿದೆ. ಕಾಯ್ದೆ ಓದಿದ ಮೇಲೆ ನಗು ನಿಂತಿತು. ಯಾರು ಮೂಲನಿವಾಸಿ, ಯಾರು ಅಲ್ಲ ಅನ್ನುವುದನ್ನು ಸರ್ಕಾರವೇ ನಿರ್ಧರಿಸುತ್ತದೆ. ಅವರ ಹಳೆಯ ಉಡುಗೊರೆ ಹಬ್ಬ ‘ಪಾಟ್‌ಲಾಚ್’ ಮಾಡಿದರೆ ಅಪರಾಧ. ಆ ನಿಷೇಧ 1880ರ ದಶಕದಿಂದ 1951ರವರೆಗೆ ಇತ್ತು. ಇನ್ನು ಮತದಾನ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ನಮ್ಮವರಿಗೆ, ಅಂದರೆ ಭಾರತದಿಂದ ಹೋದವರಿಗೆ, ಬಹಳ ಕಾಲ ಮತ ಇರಲಿಲ್ಲ. ಕೊನೆಗೆ 1947ರಲ್ಲಿ ಸಿಕ್ಕಿತು. ಆ ನೆಲದಲ್ಲಿ ಸಾವಿರಾರು ವರ್ಷದಿಂದ ಇದ್ದವರಿಗೆ ಕಾಯ್ದೆಯಡಿಯ ತಮ್ಮ ಹಕ್ಕು ಬಿಟ್ಟುಕೊಡದೆಯೇ ಕೇಂದ್ರದ ಚುನಾವಣೆಯಲ್ಲಿ ಮತ ಹಾಕಲು ಸಾಧ್ಯವಾದದ್ದು 1960ರಲ್ಲಿ. ಹಡಗಿನಲ್ಲಿ ಹೋದವರು ಮೊದಲು, ಮನೆಯವರು ಆಮೇಲೆ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಇವತ್ತು ಹೇಳಲೇಬೇಕು ಅಂತ ಬಂದದ್ದು ಇದನ್ನು.

ನಾವು ಇಲ್ಲಿ ಒಂದು ಶಾಲೆಗೆ ಐವತ್ತು ತುಂಬಿತು ಅಂತ ಮೂರು ದಿನ ಹಬ್ಬ ಮಾಡುತ್ತಿದ್ದೇವೆ. ಶಾಲೆ ಅಂದರೆ ನಮಗೆ ಬಿಡುಗಡೆ. ಈ ಮೆಟ್ಟಿಲು ಹತ್ತಿ ಹೋದದ್ದರಿಂದಲೇ ನಾನು ಇವತ್ತು ಹೀಗೆ ನಿಂತು ಮಾತಾಡುತ್ತಿದ್ದೇನೆ. ಕೆನಡಾದ ಮೂಲನಿವಾಸಿ ಮನೆಗಳಲ್ಲಿ ‘ಶಾಲೆ’ ಅನ್ನುವ ಶಬ್ದ ಕೇಳಿದರೆ ಮುದುಕರು ಮಾತು ನಿಲ್ಲಿಸುವುದುಂಟು. ಅಲ್ಲಿನ ವಸತಿ ಶಾಲೆಗಳು, ‘ರೆಸಿಡೆನ್ಷಿಯಲ್ ಸ್ಕೂಲ್’ ಅನ್ನುತ್ತಾರೆ, 1880ರ ದಶಕದಿಂದ 1990ರ ದಶಕದವರೆಗೆ ನಡೆದವು. ದುಡ್ಡು ಸರ್ಕಾರದ್ದು, ಆಡಳಿತ ಕ್ರೈಸ್ತ ಚರ್ಚುಗಳದ್ದು. ಸುಮಾರು 1,50,000 ಮಕ್ಕಳು ಅಲ್ಲಿ ಹೋದರು. ಹೋದರು ಅನ್ನುವುದಕ್ಕಿಂತ ಒಯ್ಯಲಾಯಿತು ಅನ್ನಬೇಕು. 1920ರ ತಿದ್ದುಪಡಿ ಆದ ಮೇಲೆ ಏಳರಿಂದ ಹದಿನೈದು ವರ್ಷದ ಮಕ್ಕಳನ್ನು ಕಳಿಸದಿದ್ದರೆ ತಂದೆತಾಯಿಗೆ ಶಿಕ್ಷೆ ಆಗುತ್ತಿತ್ತು. ಉದ್ದೇಶ ಗುಟ್ಟಾಗಿರಲಿಲ್ಲ. ಮಗುವಿನಿಂದ ಮನೆಯ ಭಾಷೆ, ಮನೆಯ ದೇವರು, ಮನೆಯ ಹೆಸರು ಎಲ್ಲ ಬಿಡಿಸಿ, ಒಂದೆರಡು ತಲೆಮಾರಿನಲ್ಲಿ ಆ ಜನಾಂಗ ಬೇರೆಯಾಗಿ ಉಳಿಯದ ಹಾಗೆ ಮಾಡುವುದು. ಕೂದಲು ಕತ್ತರಿಸುತ್ತಿದ್ದರು. ಎಷ್ಟೋ ಕಡೆ ಹೆಸರಿನ ಬದಲು ನಂಬರು. ತಮ್ಮ ಭಾಷೆ ಮಾತಾಡಿದರೆ ಹೊಡೆತ. ಅರ್ಧ ದಿನ ಪಾಠ, ಅರ್ಧ ದಿನ ಹೊಲದಲ್ಲೋ ಬಟ್ಟೆ ಒಗೆಯುವ ಮನೆಯಲ್ಲೋ ದುಡಿಮೆ.

ಮಕ್ಕಳು ಸಾಯುತ್ತಿದ್ದಾರೆ ಅನ್ನುವುದು ಆಗಲೇ ಗೊತ್ತಿತ್ತು. ಪೀಟರ್ ಬ್ರೈಸ್ ಅಂತ ಸರ್ಕಾರದ್ದೇ ವೈದ್ಯಾಧಿಕಾರಿ. 1907ರಲ್ಲಿ ಪಶ್ಚಿಮದ ಬಯಲುಸೀಮೆಯ 15 ಶಾಲೆಗಳ ಲೆಕ್ಕ ತೆಗೆದರು. ಆ ಶಾಲೆಗಳಿಗೆ ಸೇರಿದ್ದ ಮಕ್ಕಳಲ್ಲಿ ಶೇಕಡಾ 24ರಷ್ಟು ಸತ್ತಿದ್ದರು. ಒಂದು ಶಾಲೆಯಲ್ಲಂತೂ ಶೇಕಡಾ 69. ಹೆಚ್ಚಿನವು ಕ್ಷಯದಿಂದ, ಗಾಳಿ ಆಡದ ಕೋಣೆಗಳಲ್ಲಿ ರೋಗಿಗಳ ಪಕ್ಕದಲ್ಲೇ ಆರೋಗ್ಯವಂತ ಮಕ್ಕಳನ್ನು ಮಲಗಿಸಿದ್ದರಿಂದ. ಕಿಟಕಿ ತೆರೆಯಿರಿ, ಬೇರೆ ಮಲಗಿಸಿ, ವೈದ್ಯರನ್ನು ಇಡಿ ಅಂತ ಅವರು ಬರೆದರು. ಖರ್ಚಿನ ಬಾಬ್ತು ಅಂತ ಇಲಾಖೆ ಕೈ ಚೆಲ್ಲಿತು. ಬ್ರೈಸ್ 1922ರಲ್ಲಿ ನಿವೃತ್ತರಾಗಿದ್ದಾಗ ಎಲ್ಲವನ್ನೂ ಒಂದು ಚಿಕ್ಕ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ಅದರ ಹೆಸರಿನಲ್ಲೇ ಅವರು ಇದನ್ನು ‘ರಾಷ್ಟ್ರೀಯ ಅಪರಾಧ’ ಅಂದರು. ಯಾರು ಹೆಚ್ಚು ದೇಶಾಭಿಮಾನಿ, ಇಲಾಖೆಯ ಮಾನ ಕಾಪಾಡಿದವರೋ ಈ ಡಾಕ್ಟರೋ ಅಂತ ನನ್ನನ್ನು ಕೇಳಿದರೆ ನನಗೆ ಯೋಚನೆ ಮಾಡಬೇಕಾಗಿಲ್ಲ. ಅದಾದ ಮೇಲೂ ಆ ಶಾಲೆಗಳು ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನಡೆದವು. ಕೊನೆಯವು ಮುಚ್ಚಿದ್ದು 1996-97ರಲ್ಲಿ. ಮಕ್ಕಳೇ, ಅದು ಹಳೆಯ ಕಾಲ ಅಂದುಕೊಳ್ಳಬೇಡಿ. ಆಗ ನಾನು ಈ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಂಠಪಾಠ ಮಾಡುತ್ತಿದ್ದೆ.

ನಮ್ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಬ್ರ್ಯಾಂಟ್‌ಫರ್ಡ್ ಅನ್ನುವ ಊರಿದೆ. ಅಲ್ಲಿ ಮೊಹಾಕ್ ಇನ್‌ಸ್ಟಿಟ್ಯೂಟ್ ಅಂತ ಒಂದು ವಸತಿ ಶಾಲೆಯ ಕಟ್ಟಡ ಇನ್ನೂ ನಿಂತಿದೆ. ಕೆಂಪು ಇಟ್ಟಿಗೆ, ಬಿಳಿ ಕಂಬ, ದೂರದಿಂದ ನೋಡಿದರೆ ನಮ್ಮ ಮೈಸೂರಿನ ಯಾವುದೋ ಹಳೆಯ ಕಾಲೇಜು ಇದ್ದ ಹಾಗೆ. ಆ ಶಾಲೆ 1970ರಲ್ಲಿ ಮುಚ್ಚಿತು. ಓದಿದವರು ಅದಕ್ಕಿಟ್ಟ ಹೆಸರು ‘ಮಶ್ ಹೋಲ್’. ಮಶ್ ಅಂದರೆ ಗಂಜಿ. ದಿನಾ ಬೆಳಿಗ್ಗೆ ನೀರು ಗಂಜಿ, ಅದೂ ಕೆಲವೊಮ್ಮೆ ಹುಳು ಬಿದ್ದದ್ದು. ಶಾಲೆಯ ಸುತ್ತ ಸೇಬಿನ ತೋಟ ಇತ್ತು. ಮಕ್ಕಳು ಹಣ್ಣು ಕಿತ್ತರೆ ಏಟು. ಹಸಿದ ಮಕ್ಕಳ ಕಣ್ಣೆದುರು ಸೇಬಿನ ತೋಟ, ಇದನ್ನು ಯಾವ ಮೇಷ್ಟ್ರ ಮನಸ್ಸು ತಡೆದುಕೊಂಡಿತೋ ಗೊತ್ತಿಲ್ಲ. ಇಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಶಾಲೆಯ ಸೀಬೆ ಮರದ ಹಣ್ಣನ್ನು ತಾವೇ ಕಿತ್ತು ಹಂಚುತ್ತಿದ್ದರು.

ಆ ಕಟ್ಟಡದ ಹಿಂಭಾಗದ ಗೋಡೆಯ ಇಟ್ಟಿಗೆಗಳಲ್ಲಿ ಮಕ್ಕಳು ಕೆತ್ತಿದ ಹೆಸರುಗಳಿವೆ. ಮೊಳೆಯಿಂದಲೋ ಕಲ್ಲಿನಿಂದಲೋ ಗೀಚಿದ್ದು. ಕೆಲವು ಹೆಸರು, ಕೆಲವು ಬರೀ ನಂಬರು. ನಮ್ಮ ಶಾಲೆಯ ಹಿಂದಿನ ಗೋಡೆಯಲ್ಲೂ ಹೆಸರು ಕೆತ್ತಿದವರು ಇಲ್ಲೇ ಕೂತಿದ್ದೀರಿ, ನಗಬೇಡಿ, ನನ್ನ ಹೆಸರೂ ಇದೆ. ನಾವು ಕೆತ್ತಿದ್ದು ತಮಾಷೆಗೆ. ಆ ಮಕ್ಕಳು ಕೆತ್ತಿದ್ದು ಬಹುಶಃ ತಮ್ಮ ಹೆಸರು ತಮಗೇ ಮರೆತುಹೋಗಬಾರದು ಅಂತ. ಕೆಲವು ವರ್ಷಗಳ ಹಿಂದೆ ಕಟ್ಟಡ ಸೋರತೊಡಗಿದಾಗ ಕೆಡವುವುದೋ ಉಳಿಸುವುದೋ ಅಂತ ಅಲ್ಲಿನ ಮೂಲನಿವಾಸಿ ಜನರನ್ನೇ ಕೇಳಿದರು. ಉಳಿಸಿ, ಸಾಕ್ಷಿ ಇರಲಿ ಅಂದರು. ತಮ್ಮನ್ನು ಹಿಂಸಿಸಿದ ಗೋಡೆಗೆ ದುಡ್ಡು ಕೂಡಿಸಿ ರಿಪೇರಿ ಮಾಡಿಸಿದ್ದಾರೆ.

2008ರ ಜೂನ್ 11ರಂದು ಕೆನಡಾದ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ನಿಂತು ಈ ಶಾಲೆಗಳಿಗಾಗಿ ಕ್ಷಮೆ ಕೇಳಿದರು. ಅದೇ ವರ್ಷ ಸತ್ಯ ಮತ್ತು ಸಮನ್ವಯ ಆಯೋಗ ಕೆಲಸ ಶುರು ಮಾಡಿತು. ಮರುವರ್ಷದಿಂದ ಅದರ ಅಧ್ಯಕ್ಷರಾದವರು ಮರ್ರೆ ಸಿಂಕ್ಲೇರ್, ಸ್ವತಃ ಮೂಲನಿವಾಸಿ ನ್ಯಾಯಾಧೀಶರು. ದೇಶದುದ್ದಕ್ಕೂ ಓಡಾಡಿ 6,500ಕ್ಕೂ ಹೆಚ್ಚು ಜನರ ಹೇಳಿಕೆ ಪಡೆದರು. 2015ರಲ್ಲಿ ಕೊಟ್ಟ ವರದಿಯಲ್ಲಿ 3,200 ಮಕ್ಕಳ ಸಾವು ದಾಖಲೆಯಿಂದ ಸಿಕ್ಕಿತ್ತು. ಈಗ ಆ ಪಟ್ಟಿ 4,100 ದಾಟಿದೆ. ಆಯೋಗ ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಹೋಗುವುದಿಲ್ಲ: ಆ 3,200ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಸಾವಿಗೆ ಮಗುವಿನ ಹೆಸರನ್ನೇ ಬರೆದಿಟ್ಟಿರಲಿಲ್ಲ. ಇಂಥ ವರ್ಷ ಇಷ್ಟು ಮಕ್ಕಳು ಸತ್ತರು ಅಂತ ಸಂಖ್ಯೆ ಇದೆ, ಹೆಸರಿಲ್ಲ. ನಮ್ಮಲ್ಲಿ ದನ ಸತ್ತರೂ ಇನ್ಶೂರೆನ್ಸಿನವರು ಕಿವಿಯ ಬಿಲ್ಲೆ ನಂಬರು ಕೇಳುತ್ತಾರೆ. 2019ರ ಸೆಪ್ಟೆಂಬರ್ 30ರಂದು, ಅಲ್ಲಿಯವರೆಗೆ ಸಿಕ್ಕಿದ್ದ 2,800 ಹೆಸರುಗಳನ್ನು 50 ಮೀಟರ್ ಉದ್ದದ ಕೆಂಪು ಬಟ್ಟೆಯ ಮೇಲೆ ಬರೆಸಿ ಬಿಚ್ಚಿ ತೋರಿಸಿದರು. ಹೆಸರು ಹುಡುಕುವ ಕೆಲಸ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಒಂದು ಕೇಂದ್ರದಲ್ಲಿ ಇವತ್ತಿಗೂ ನಡೆಯುತ್ತಿದೆ.

2021ರ ಮೇ ತಿಂಗಳಲ್ಲಿ ಕ್ಯಾಮ್‌ಲೂಪ್ಸ್ ಅನ್ನುವ ಊರಿನ ಸುದ್ದಿ ಬಂದಾಗ ನಾನು ಅಲ್ಲೇ ಇದ್ದೆ. ಅಲ್ಲಿನ ಹಳೆಯ ವಸತಿ ಶಾಲೆಯ ತೋಟದ ನೆಲವನ್ನು ರೇಡಾರ್‌ನಿಂದ ಪರೀಕ್ಷಿಸಿದಾಗ 215 ಸಮಾಧಿಗಳ ಸುಳಿವು ಸಿಕ್ಕಿದೆ ಅಂತ ಅಲ್ಲಿನ ಮೂಲನಿವಾಸಿ ಸಮುದಾಯ ಪ್ರಕಟಿಸಿತು. ಆಮೇಲೆ ಸಂಖ್ಯೆಯನ್ನು 200ಕ್ಕೆ ತಿದ್ದಿತು. ಎಂಜಿನಿಯರ್ ಆಗಿ ಇಲ್ಲಿ ಒಂದು ಮಾತು ಹೇಳಬೇಕು. ನೆಲದೊಳಗಿನ ರೇಡಾರ್ ಎಲುಬು ತೋರಿಸುವುದಿಲ್ಲ. ಅಲೆಗಳನ್ನು ಕಳಿಸಿ, ವಾಪಸು ಬಂದದ್ದರಿಂದ ಮಣ್ಣು ಎಲ್ಲಿ ಅಗೆದು ಮುಚ್ಚಿದ ಹಾಗಿದೆ ಅಂತ ಹೇಳುತ್ತದೆ. ಅಗೆಯದೆ ಖಚಿತ ಆಗುವುದಿಲ್ಲ. ಅಗೆಯುವುದೋ ಬೇಡವೋ ಅನ್ನುವುದು ಆ ಮನೆಗಳವರು ತೀರ್ಮಾನಿಸಬೇಕಾದ ಮಾತು. ಪತ್ರಿಕೆಗಳಲ್ಲಿ ಕೆಲವರು ಆತುರದಲ್ಲಿ ‘ಸಾಮೂಹಿಕ ಗೋರಿ’ ಅಂತ ಬರೆದರು, ಅದು ಸರಿಯಲ್ಲ. ಅದನ್ನೇ ಹಿಡಿದು ಇನ್ನು ಕೆಲವರು ಇಡೀ ಕಥೆಯೇ ಕಟ್ಟಿದ್ದು ಅಂತ ಈಗ ಹೇಳುತ್ತಿದ್ದಾರೆ, ಅದು ಇನ್ನೂ ದೊಡ್ಡ ತಪ್ಪು. ಆ 4,100 ಹೆಸರುಗಳು ರೇಡಾರಿನಿಂದ ಬಂದವಲ್ಲ. ಸರ್ಕಾರದ್ದೇ, ಚರ್ಚುಗಳದ್ದೇ ಕಾಗದಗಳಿಂದ, ಮರಣ ದಾಖಲೆಗಳಿಂದ ಬಂದವು. ಕ್ಯಾಮ್‌ಲೂಪ್ಸ್ ತೋಟದಲ್ಲಿ ಒಂದೂ ಸಮಾಧಿ ಇಲ್ಲ ಅಂತ ನಾಳೆ ಸಾಬೀತಾದರೂ ಆ ಪಟ್ಟಿಯಿಂದ ಒಂದು ಹೆಸರೂ ಅಳಿಯುವುದಿಲ್ಲ.

ಆ ವರ್ಷ ಮೇ 30ರಂದು ಕೆನಡಾ ಸರ್ಕಾರದ ಕಟ್ಟಡಗಳ ಮೇಲೆಲ್ಲ ಧ್ವಜ ಅರ್ಧಕ್ಕೆ ಇಳಿಯಿತು. ದೊಡ್ಡವರು ತೀರಿಕೊಂಡರೆ ಕೆಲವು ದಿನ ಇಳಿಸುತ್ತಾರಲ್ಲ, ಅಂಥದ್ದಲ್ಲ. ಐದು ತಿಂಗಳು ದಾಟಿ ನವೆಂಬರ್‌ವರೆಗೆ ಹಾಗೇ ಇತ್ತು. ನಡುವೆ ಜುಲೈ 1 ಬಂತು, ಕೆನಡಾ ದಿನ, ನಮ್ಮ ಆಗಸ್ಟ್ 15 ಇದ್ದ ಹಾಗೆ. ವಿಕ್ಟೋರಿಯಾದಂಥ ಕೆಲವು ನಗರಗಳು ಪಟಾಕಿ ಮೆರವಣಿಗೆ ಬೇಡ ಅಂದವು. ಕೆಲವರು ಕೆಂಪು ಬಿಟ್ಟು ಕಿತ್ತಳೆ ಬಣ್ಣದ ಅಂಗಿ ಹಾಕಿದರು. ಕಿತ್ತಳೆ ಅಂಗಿಗೂ ಒಂದು ಕಾರಣ ಇದೆ. ಫಿಲಿಸ್ ವೆಬ್‌ಸ್ಟಾಡ್ ಅನ್ನುವವರು 1973ರಲ್ಲಿ ಆರು ವರ್ಷದ ಹುಡುಗಿ. ವಸತಿ ಶಾಲೆಗೆ ಹೋಗುವ ದಿನಕ್ಕೆ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿಯನ್ನು ಮೊದಲ ದಿನವೇ ಕಿತ್ತುಕೊಂಡರು, ಮತ್ತೆ ಕೊಡಲಿಲ್ಲ. ಅವರು ಹೇಳಿದ ಆ ಒಂದು ಅಂಗಿಯ ಕಥೆಯಿಂದ 2013ರಲ್ಲಿ ಕಿತ್ತಳೆ ಅಂಗಿ ದಿನ ಶುರುವಾಯಿತು, ಈಗ ಸೆಪ್ಟೆಂಬರ್ 30 ಕೇಂದ್ರ ಸರ್ಕಾರದ ರಜೆ. ಜೂನ್ ತಿಂಗಳಲ್ಲಿ ಹೊಸ ಯೂನಿಫಾರಂ ಹಾಕಿಕೊಂಡು ಈ ಗೇಟಿನೊಳಗೆ ಬಂದ ದಿನ ನಿಮಗೆಲ್ಲ ನೆನಪಿರಬೇಕು.

ಆಗ ನಮ್ಮ ಆಫೀಸಿನಲ್ಲೂ ಜಗಳ. ಒಬ್ಬ ಹಿರಿಯ ಸಹೋದ್ಯೋಗಿ, ಅವರ ತಾತ ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು, “ವರ್ಷಕ್ಕೊಂದು ದಿನ ನನ್ನ ದೇಶದ ಬಗ್ಗೆ ಖುಷಿ ಪಡುವುದಕ್ಕೂ ಬಿಡುವುದಿಲ್ಲವೇ?” ಅಂದರು. ಅವರ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ, ಈಗಲೂ ತಗೊಳ್ಳುವುದಿಲ್ಲ. ತಾತನ ಮೇಲಿನ ಹೆಮ್ಮೆ ನಿಜವಾದ ಹೆಮ್ಮೆ. ಆದರೆ ಅದೇ ಯುದ್ಧಗಳಿಗೆ ಮೂಲನಿವಾಸಿ ಯುವಕರೂ ಹೋಗಿದ್ದರು. ವಾಪಸು ಬಂದಾಗ ಎಷ್ಟೋ ಜನರ ಮಕ್ಕಳು ವಸತಿ ಶಾಲೆಯಲ್ಲಿದ್ದರು. ಎರಡೂ ಒಂದೇ ಧ್ವಜದ ಕಥೆ. ಐದು ತಿಂಗಳು ಅರ್ಧಕ್ಕೆ ನಿಂತ ಆ ಧ್ವಜವನ್ನು ದಿನಾ ಬಸ್ಸಿನಿಂದ ನೋಡುತ್ತಿದ್ದಾಗ ಆ ದೇಶದ ಮೇಲಿನ ನನ್ನ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಹಾಗಂತ ಎಲ್ಲ ಸರಿಹೋಗಿದೆ ಅಂತ ನಂಬಬೇಡಿ. ಕ್ಷಮೆ ಕೇಳುವುದರಲ್ಲಿ ಕೆನಡಾದವರು ಬಹಳ ಮುಂದೆ. ಅಲ್ಲಿ ಯಾವ ಸಭೆ ಶುರುವಾದರೂ ಮೊದಲು ಒಂದು ಮಾತು ಓದುತ್ತಾರೆ: ನಾವು ಸೇರಿರುವ ಈ ನೆಲ ಇಂಥಿಂಥ ಜನರದು ಅಂತ. ನಮ್ಮ ಕನ್ನಡದವರ ರಾಜ್ಯೋತ್ಸವದಲ್ಲೂ ಓದುತ್ತೇವೆ. ಒಮ್ಮೆ ನನ್ನ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಒಬ್ಬರು, ಮಗನ ಮನೆಗೆ ಬಂದಿದ್ದವರು, “ಏನಪ್ಪಾ ಇದು, ಪೂಜೆಗೆ ಮುಂಚೆ ಸಂಕಲ್ಪ ಹೇಳಿದ ಹಾಗಿದೆ” ಅಂದರು. ಸರಿಯಾಗೇ ಹೇಳಿದರು. ಬಾಯಿಪಾಠ ಆದ ಮೇಲೆ ಸಂಕಲ್ಪದ ಅರ್ಥ ಯಾರು ಕೇಳುತ್ತಾರೆ?

ಮಾತು ಬಿಟ್ಟು ನೀರು ನೋಡೋಣ. ವಿನಿಪೆಗ್ ಅನ್ನುವ ದೊಡ್ಡ ನಗರಕ್ಕೆ 1919ರಿಂದ ಕುಡಿಯುವ ನೀರು ಬರುವುದು ಷೋಲ್ ಲೇಕ್ ಅನ್ನುವ ಸರೋವರದಿಂದ. ಆ ನೀರಿನ ಕಾಮಗಾರಿಗೆ ಕಾಲುವೆ ಅಗೆದಾಗ ಷೋಲ್ ಲೇಕ್ 40 ಅನ್ನುವ ಮೂಲನಿವಾಸಿ ಊರು ನಡುಗಡ್ಡೆಯಾಗಿ ಕಡಿದುಹೋಯಿತು. ಅವರ ಸರೋವರದ ನೀರನ್ನು ನಗರ ಕುಡಿಯಿತು. ಅವರ ಊರಿಗೆ ಶುದ್ಧೀಕರಣ ಘಟಕ ಇರಲಿಲ್ಲ. 1997ರಿಂದ 2021ರವರೆಗೆ, 24 ವರ್ಷ, ನಲ್ಲಿ ನೀರು ಕಾಯಿಸದೆ ಕುಡಿಯಬೇಡಿ ಅಂತ ಎಚ್ಚರಿಕೆ. ಹೊರಜಗತ್ತಿಗೆ ಸರಿಯಾದ ರಸ್ತೆ ಆದದ್ದು 2019ರಲ್ಲಿ. ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಕೂತು ಟ್ಯಾಂಕರ್ ನೀರಿಗೆ ಕಾಯ್ದವರು ಈ ಸಭೆಯಲ್ಲೂ ಇದ್ದೀರಿ, ನಿಮಗೆ ನಾನು ಏನು ಹೇಳಲಿ. ಇನ್ನೂ ಕೆಲವು ಮೂಲನಿವಾಸಿ ಊರುಗಳಲ್ಲಿ ಆ ಎಚ್ಚರಿಕೆ ಹಾಗೇ ಇದೆ. ನೆಸ್ಕಂಟಾಗ ಅನ್ನುವ ಊರಿನಲ್ಲಿ ಅದು 1995ರಲ್ಲಿ ಶುರುವಾದದ್ದು.

ಇದೆಲ್ಲ ಕೇಳಿ ನಮ್ಮವರು ಅಲ್ಲಿ ಸಾಮಾನ್ಯವಾಗಿ ಹೇಳುವುದು: “ಅದು ಬಿಳಿಯರು ಮಾಡಿದ ಪಾಪ, ನಮಗೇನು ಸಂಬಂಧ? ನಮ್ಮನ್ನೂ ಅವರೇ ಇನ್ನೂರು ವರ್ಷ ಆಳಿದರು.” ಈ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಹೋದ 376 ಜನ ಭಾರತೀಯರನ್ನು ಎರಡು ತಿಂಗಳು ವ್ಯಾಂಕೂವರ್ ಬಂದರಿನ ನೀರಿನಲ್ಲೇ ನಿಲ್ಲಿಸಿ, ಕೆಲವರನ್ನು ಬಿಟ್ಟು ಉಳಿದವರನ್ನು ವಾಪಸು ಅಟ್ಟಿದರು. ಕೋಲ್ಕತ್ತಾದ ಹತ್ತಿರ ಇಳಿದಾಗ ಬ್ರಿಟಿಷ್ ಪೊಲೀಸರ ಗುಂಡಿಗೆ ಹಲವರು ಸತ್ತರು. ಅದಕ್ಕೂ ಕೆನಡಾದ ಪ್ರಧಾನಿ 2016ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ದಿನ ನಮ್ಮವರೆಲ್ಲ ಹೆಮ್ಮೆಯಿಂದ ವಾಟ್ಸಾಪ್‌ನಲ್ಲಿ ಹಂಚಿಕೊಂಡದ್ದೇ ಹಂಚಿಕೊಂಡದ್ದು. ನೂರು ವರ್ಷದ ಹಿಂದಿನ ನಮ್ಮ ಅವಮಾನಕ್ಕೆ ಇವತ್ತಿನ ಪ್ರಧಾನಿ ಹೊಣೆ ಅನ್ನುವುದು ಸರಿಯಾದರೆ, ಇನ್ನೊಬ್ಬರ ಮಕ್ಕಳ ವಿಷಯದಲ್ಲಿ ‘ಹಳೆಯದ್ದೆಲ್ಲ ಯಾಕೆ’ ಅನ್ನುವುದು ಹೇಗೆ ಸರಿ?

ನಮ್ಮೂರಿನ ಪಂಚಾಯ್ತಿ ಕಟ್ಟೆಯಲ್ಲಿ ಪಾಲು ಮಾಡುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ತಮ್ಮ ಬಂದು ಗದ್ದೆ ಬೇಕು, ಮನೆ ಬೇಕು, ಅಪ್ಪ ಸೊಸೈಟಿಯಲ್ಲಿ ಮಾಡಿದ ಸಾಲ ನನ್ನದಲ್ಲ ಅಂದರೆ ಹಿರಿಯರು ಒಪ್ಪುತ್ತಿದ್ದರೇ? ಸಾಲ ಮಾಡಿದವನು ನೀನಲ್ಲ ನಿಜ, ಆದರೆ ಪಾಲು ತಗೊಳ್ಳುತ್ತಿರುವವನು ನೀನು. ದತ್ತು ಬಂದ ಮಗನಿಗೂ ಅದೇ ನಿಯಮ. ನಾನು ಕೆನಡಾಕ್ಕೆ ದತ್ತು ಹೋಗುವವನು. ಅಲ್ಲಿನ ಆಸ್ಪತ್ರೆ, ರಸ್ತೆ, ಮಕ್ಕಳ ಶಾಲೆ, ಹತ್ತು ಷಿಲ್ಲಿಂಗ್ ನೆಲದ ಮೇಲೆ ನಿಂತ ಆಫೀಸು, ಎಲ್ಲದರಲ್ಲೂ ಪಾಲು ಕೇಳುತ್ತಿದ್ದೇನೆ.

ಇದನ್ನು ಅವರು ಹೊಸಬರಿಗೆ ಪ್ರಮಾಣದಲ್ಲೇ ಹೇಳಿಸುತ್ತಾರೆ. ಆಯೋಗ 94 ಶಿಫಾರಸು ಕೊಟ್ಟಿತ್ತಲ್ಲ, ಕೊನೆಯ ಎರಡು, 93 ಮತ್ತು 94, ನನ್ನಂಥ ವಲಸಿಗರಿಗೆ ಸಂಬಂಧಿಸಿದ್ದು. 94ರಂತೆ 2021ರ ಜೂನ್‌ನಲ್ಲಿ ಪೌರತ್ವದ ಪ್ರಮಾಣವಚನ ಬದಲಾಯಿತು. ಈಗ ಹೊಸ ಪೌರ ರಾಜನಿಗೆ ನಿಷ್ಠೆ ಹೇಳುವುದರ ಜೊತೆಗೆ ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಅನ್ನುವ ಮೂರು ಮೂಲನಿವಾಸಿ ಸಮುದಾಯಗಳ ಹಕ್ಕುಗಳನ್ನೂ ಒಪ್ಪಂದಗಳ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು. ಪೌರತ್ವದ ಪರೀಕ್ಷೆ ಸುಲಭ, 20 ಪ್ರಶ್ನೆಗೆ 15 ಸರಿಯಾದರೆ ಪಾಸು. ಪ್ರಮಾಣವೇ ಕಷ್ಟ. ನನ್ನ ಅರ್ಜಿ ಇನ್ನೂ ಲ್ಯಾಪ್‌ಟಾಪ್‌ನಲ್ಲೇ ಇದೆ. ಅವ್ವನ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಈಗ ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ. ಒಂದು ಮಾತು ಈ ಶಾಲೆಗೆ ಸಂಬಂಧಿಸಿದ್ದು ಹೇಳಿ ಮುಗಿಸುತ್ತೇನೆ.

ಕಾಡಂಚಿನ ತಾಲ್ಲೂಕು ನಮ್ಮದು. ಎಂಟನೇ ತರಗತಿಯಲ್ಲಿ ನಮ್ಮ ಜೊತೆ ಹಾಡಿಗಳಿಂದ ಬಂದ ಜೇನು ಕುರುಬರ ಹುಡುಗರು ಐದಾರು ಜನ ಇದ್ದರು, ಆಶ್ರಮ ಶಾಲೆಯಲ್ಲಿ ಓದಿ ಬಂದವರು. ನಮ್ಮ ಆಶ್ರಮ ಶಾಲೆಯೂ ಕೆನಡಾದ ವಸತಿ ಶಾಲೆಯೂ ಒಂದೇ ಅಂತ ನಾನು ಖಂಡಿತ ಹೇಳುತ್ತಿಲ್ಲ. ಇಲ್ಲಿ ಯಾರೂ ಮಕ್ಕಳನ್ನು ಕಾನೂನು ತೋರಿಸಿ ಕಿತ್ತುಕೊಂಡು ಬರಲಿಲ್ಲ. ನಮ್ಮ ಮೇಷ್ಟ್ರುಗಳು ಹಾಡಿಗೆ ನಡೆದು ಹೋಗಿ, ಹುಡುಗರನ್ನು ಕಳಿಸಿ ಅಂತ ಬೇಡಿಕೊಂಡದ್ದು ನನಗೆ ಗೊತ್ತು. ಆದರೆ ಅವರ ಹಿರಿಯರು ಕಾಡಿನೊಳಗಿಂದ ಹೊರಗೆ ಬಂದದ್ದು ತಾವಾಗಿ ಬಯಸಿ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಓದಿ, ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯ ಆಗಿದೆ ಅಂತ ನಮ್ಮ ಸಂಸತ್ತೇ ಬರೆದಿದೆ. ಆ ಹುಡುಗರಲ್ಲಿ ಒಬ್ಬ ಓಟದಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅವರಲ್ಲಿ ಯಾರೂ ಇರಲಿಲ್ಲ. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರು ಅಂತ ಕೇಳಿದೆ.

ಈ ಸಂಚಿಕೆಯ ಕೊನೆಯಲ್ಲಿ ಐವತ್ತು ವರ್ಷದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅಚ್ಚಾಗುತ್ತದಂತೆ. ಕರಡು ನೋಡಿದೆ. ಬಹಳ ಶ್ರಮದ ಕೆಲಸ, ಮಾಡಿದ ಮೇಷ್ಟ್ರಿಗೆ ಕೈ ಮುಗಿಯುತ್ತೇನೆ. ಆದರೆ ಅದು ಎಸ್.ಎಸ್.ಎಲ್.ಸಿ. ಪರೀಕ್ಷೆ ಕಟ್ಟಿದವರ ಪಟ್ಟಿ. ನಡುವೆ ಬಿಟ್ಟವರು ಅದರಲ್ಲಿಲ್ಲ. ಹಾಡಿಯ ಹುಡುಗರು, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳು, ದನ ಕಾಯಲು ನಿಂತವರು, ಯಾರೂ ಇಲ್ಲ. ಆದರೆ ಅವರ ಹೆಸರು ದಾಖಲಾತಿ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ, ತಂದೆಯ ಹೆಸರು, ಹಾಡಿಯ ಹೆಸರು ಸಮೇತ. ಕೆನಡಾದವರು ಇಲ್ಲದ ಹೆಸರನ್ನು ಹುಡುಕುತ್ತಿದ್ದಾರೆ, ನಮ್ಮ ಬೀರುವಿನಲ್ಲಿ ಇರುವ ಹೆಸರು ಅಚ್ಚಿಗೆ ಹೋಗುತ್ತಿಲ್ಲ.

ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆ ಅಂತ ಸಮಿತಿಯ ಅಣ್ಣ ಹೇಳಿದರು. ನಾನು ಇನ್ನು ಹನ್ನೆರಡು ದಿನ ಊರಲ್ಲಿರುತ್ತೇನೆ, ಲ್ಯಾಪ್‌ಟಾಪ್ ತಂದಿದ್ದೇನೆ. ನನ್ನ ತಂಡದ ಇಬ್ಬರು ಗೆಳೆಯರು ಜೊತೆಗೆ ಕೂರುತ್ತೇವೆ ಅಂದಿದ್ದಾರೆ. ಕನ್ನಡದಲ್ಲೇ ಟೈಪ್ ಮಾಡಿಕೊಡುತ್ತೇವೆ. ಹಳೆಯ ರಿಜಿಸ್ಟರುಗಳ ಬೀರು ಯಾವುದು, ಬೀಗದ ಕೈ ಯಾರ ಹತ್ತಿರ ಇದೆ ಅಂತ ಮುಖ್ಯೋಪಾಧ್ಯಾಯರು ನಾಳೆ ಬೆಳಿಗ್ಗೆ ಹೇಳಿದರೆ ಸಾಕು.